ಲಿಟಲ್ ಫೈಟರ್ 2: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಆಡಲು ಕೂತವರು, ಹತ್ತು ಹದಿನೈದು ವರ್ಷದ ನಂತರ ಮತ್ತೆ ಹುಡುಕಿಕೊಂಡು ಬಂದವರು, ಆಟದ ಒಳಗೆ ಕೈಹಾಕಿ ತಮ್ಮದೇ ಪಾತ್ರ ಮಾಡಬೇಕೆಂದವರು, ಮೂವರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೀಗಳ ಬಗ್ಗೆ ಹೇಳುವಾಗ ಡಿ ಎಂದರೆ ಡಿಫೆಂಡ್, ಎ ಎಂದರೆ ಅಟ್ಯಾಕ್, ಜೆ ಎಂದರೆ ಜಂಪ್. 'ಮುಂದೆ' ಎಂದರೆ ಎಡ ಅಥವಾ ಬಲ ಬಾಣ; ಹೊಡೆತ ಯಾವ ಕಡೆ ಹೋಗಬೇಕೋ ಆ ಕಡೆಯದು.

ಇದು ಯಾವ ಆಟ? ಯಾರು ಮಾಡಿದ್ದು?

ಹಾಂಗ್‌ಕಾಂಗ್‌ನ ಮಾರ್ಟಿ ವಾಂಗ್ ಮತ್ತು ಸ್ಟಾರ್ಸ್ಕಿ ವಾಂಗ್ ಸೇರಿ 1999ರಲ್ಲಿ ವಿಂಡೋಸ್‌ಗಾಗಿ ಬಿಟ್ಟ ಹೊಡೆದಾಟದ ಆಟ. ಇದಕ್ಕೂ ಮುಂಚೆ 1995ರಲ್ಲಿ 'ಲಿಟಲ್ ಫೈಟರ್' ಬಂದಿತ್ತು, ಆದರೆ ಜಗತ್ತು ಸುತ್ತಿದ್ದು ಎರಡನೆಯದೇ. ಆಡುವವರ ಬಾಯಲ್ಲಿ ಇದು ಬರೀ 'ಎಲ್‌ಎಫ್2'. ಈ ಪುಟದ ಉತ್ತರಗಳೆಲ್ಲ 2.0 ಸಾಲಿನ ಆವೃತ್ತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಪಕ್ಕದಿಂದ ಕಾಣುವ ಬಯಲು, ಅದರಲ್ಲಿ ಎಡ ಬಲಕ್ಕೆ ಮಾತ್ರವಲ್ಲ, ಒಳಕ್ಕೂ ಹೊರಕ್ಕೂ ಓಡಾಡಬಹುದು. ಒಂದೇ ಪರದೆಯ ಮೇಲೆ ಎಂಟು ಜನ ಹೊಡೆದಾಡಬಹುದು. ಒಂದು ಕಂಪ್ಯೂಟರಿನಲ್ಲಿ ನಾಲ್ವರು ಮನುಷ್ಯರು, ನೆಟ್‌ವರ್ಕ್ ಸೇರಿಸಿದರೆ ಎಂಟು.

ನಿಜವಾಗಿಯೂ ಪುಕ್ಕಟೆಯೇ? ಎಲ್ಲಿಂದ ಇಳಿಸಿಕೊಳ್ಳಲಿ?

ಪುಕ್ಕಟೆ. ಕಾಸು ಕೊಟ್ಟರೆ ಮಾತ್ರ ತೆರೆಯುವ ಪಾತ್ರ, ನಾಣ್ಯ, ಪೆಟ್ಟಿಗೆ ಯಾವುದೂ ಒಳಗಿಲ್ಲ. ಅಧಿಕೃತ ತಾಣ ಎಲ್‌ಎಫ್2.ನೆಟ್. 'ಎಲ್ಲ ಪಾತ್ರ ಅನ್‌ಲಾಕ್ ಆದ ವಿಶೇಷ ಆವೃತ್ತಿ' ಎಂದು ಬೇರೆ ತಾಣಗಳಲ್ಲಿ ಸಿಗುವುದನ್ನು ಮುಟ್ಟಬೇಡಿ. ಅನ್‌ಲಾಕ್ ಮಾಡಲು ಏಳು ಕೀ ಒತ್ತಿದರೆ ಸಾಕು (ಕೆಳಗೆ ಹೇಳಿದೆ), ಅದಕ್ಕೊಂದು ಬೇರೆ ಇಎಕ್ಸ್‌ಇ ಯಾಕೆ ಬೇಕು?

ಇಷ್ಟು ಹಳೆಯ ಆಟವನ್ನು ಇನ್ನೂ ಯಾಕೆ ಆಡುತ್ತಾರೆ? ಬರೀ ಹಳೆಯ ನೆನಪಿಗಾ?

ನೆನಪಿಗೆ ಆಡುವವರು ಅರ್ಧ ಗಂಟೆ ಆಡಿ ಎದ್ದು ಹೋಗುತ್ತಾರೆ. ಕೂತು ಆಡುವವರನ್ನು ಹಿಡಿದಿಟ್ಟಿರುವುದು ಬೇರೆ: ಇಡೀ ಯಂತ್ರ ಚಿಕ್ಕದು, ನಿಯಮ ಎಲ್ಲರಿಗೂ ಒಂದೇ.

ಮೊದಲನೆಯದು ಕೀಗಳು. ನಾಲ್ಕು ದಿಕ್ಕು, ಮೂರು ಗುಂಡಿ. ಪ್ರತಿ ವಿಶೇಷ ಹೊಡೆತವೂ 'ಡಿ, ಒಂದು ದಿಕ್ಕು, ಎ ಅಥವಾ ಜೆ' ಎಂಬ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ಕೆಲವಕ್ಕೆ ಮಾತ್ರ ದಿಕ್ಕಿಲ್ಲದೆ 'ಡಿ, ಜೆ, ಎ'. ಡೇವಿಸ್ ಎಂಬ ಪಾತ್ರ ಕಲಿತವನು ಡೆನಿಸ್ ಎಂಬ ಇನ್ನೊಂದನ್ನು ಐದು ನಿಮಿಷದಲ್ಲಿ ಹಿಡಿಯುತ್ತಾನೆ. ಬೇರೆ ಫೈಟಿಂಗ್ ಆಟಗಳಲ್ಲಿ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ಬೆರಳು ನೋಯಿಸಿಕೊಂಡವರಿಗೆ ಇದರ ಬೆಲೆ ಗೊತ್ತು.

ಎರಡನೆಯದು, ಎಲ್ಲವೂ ಎಲ್ಲಕ್ಕೂ ತಗಲುತ್ತದೆ. ನಿಮ್ಮತ್ತ ಬಂದ ಶಕ್ತಿಯ ಉಂಡೆಗೆ ಸರಿಯಾದ ಹೊತ್ತಿಗೆ ಗುದ್ದಿದರೆ ಅದು ತಿರುಗಿ ಎಸೆದವನ ಕಡೆಗೇ ಹೋಗುತ್ತದೆ. ಹೊತ್ತಿ ಉರಿಯುತ್ತಾ ಬೀಳುವವನು ಪಕ್ಕದವನಿಗೆ ತಗಲಿದರೆ ಅವನಿಗೂ ಬೆಂಕಿ. ಹಿಡಿದವನನ್ನು ಎಸೆದರೆ ಅವನು ಹೋಗಿ ಇನ್ನೊಬ್ಬನನ್ನು ಕೆಡವುತ್ತಾನೆ. ಲೂಯಿಸ್ ರೂಪ ಬದಲಿಸಿದಾಗ ಕಳಚಿ ಬಿದ್ದ ಅವನ ಕವಚದ ತುಂಡನ್ನೇ ಎತ್ತಿ ಅವನ ಮೇಲೆ ಎಸೆಯಬಹುದು. ಇವನ್ನೆಲ್ಲ ಒಂದೊಂದಾಗಿ ಬರೆದಿಟ್ಟವರಿಲ್ಲ. ಒಂದೇ ನಿಯಮ ಎಂಟು ಜನರ ನಡುವೆ ಓಡಿದಾಗ ತಾನಾಗಿ ಹುಟ್ಟುವ ಗಲಾಟೆ ಇದು, ಹಾಗಾಗಿ ಒಂದು ಆಟದ ಹಾಗೆ ಇನ್ನೊಂದು ಆಟ ಇರುವುದಿಲ್ಲ.

ಮೂರನೆಯದು, ಸೋಲುತ್ತಿರುವವನಿಗೆ ಆಟ ಸ್ವಲ್ಪ ಆಸರೆಯಾಗುತ್ತದೆ. ಹೆಲ್ತ್ ಇಳಿದಷ್ಟೂ ಎಂಪಿ (ವಿಶೇಷ ಹೊಡೆತಕ್ಕೆ ಖರ್ಚಾಗುವ ಶಕ್ತಿ) ಬೇಗ ತುಂಬುತ್ತದೆ. ಸಾಯುವ ಸ್ಥಿತಿಗೆ ಬಂದವನೇ ಆ ಕ್ಷಣದಲ್ಲಿ ಎಲ್ಲರಿಗಿಂತ ಅಪಾಯಕಾರಿ. ಕೊನೆಯ ಗುದ್ದಿನ ತನಕ ಕೂಗಾಟ ನಿಲ್ಲದಿರುವುದಕ್ಕೆ ಇದೇ ಮುಖ್ಯ ಕಾರಣ.

ನಾಲ್ಕನೆಯದು, ಪಾತ್ರಗಳ ಲೆಕ್ಕಾಚಾರವೆಲ್ಲ ಪಠ್ಯ ಕಡತಗಳಲ್ಲಿದೆ. ತೆರೆದು ತಿದ್ದಬಹುದು. ಅದಕ್ಕೆ ಬೇರೆಯೇ ಪ್ರಶ್ನೆಗಳು ಕೆಳಗಿವೆ.

ಸರಿಯಾಗಿಯೇ ಒತ್ತುತ್ತೇನೆ, ಆದರೂ ವಿಶೇಷ ಹೊಡೆತ ಬರುವುದಿಲ್ಲ. ಏನು ತಪ್ಪು?

ಮೂರರಲ್ಲಿ ಒಂದು.

ಮೂರೂ ಕೀ ಒಟ್ಟಿಗೆ ಅದುಮುತ್ತಿದ್ದೀರಿ. ಇಲ್ಲಿ ಬೇಕಿರುವುದು ಒಂದಾದ ಮೇಲೊಂದು: ಡಿ ತಟ್ಟಿ ಬಿಡಿ, ದಿಕ್ಕು ತಟ್ಟಿ ಬಿಡಿ, ಎ ತಟ್ಟಿ. ಬೇಗ ಬೇಗ, ಆದರೆ ಬೇರೆ ಬೇರೆ. ತಬಲಾದ ಮೇಲೆ ಮೂರು ಬೆರಳು ಉರುಳಿಸಿದ ಹಾಗೆ.

ಅಥವಾ ಎಂಪಿ ಸಾಲದು. ಎಂಪಿ ಗರಿಷ್ಠ 500, ಆದರೆ ಪಂದ್ಯ ಶುರುವಾಗುವುದು 200ರಿಂದ. ಡೇವಿಸ್‌ನ ಡ್ರ್ಯಾಗನ್ ಪಂಚ್‌ಗೆ (ಡಿ, ಮೇಲೆ, ಎ) 225 ಬೇಕು. ಶುರುವಿನಲ್ಲೇ ಒತ್ತಿ 'ಕೀಬೋರ್ಡ್ ಕೆಟ್ಟಿದೆ' ಎಂದುಕೊಳ್ಳುವವರು ಬಹಳ. ಅವನ ಶಕ್ತಿ ಉಂಡೆಗೆ (ಡಿ, ಮುಂದೆ, ಎ) ಬರೀ 40 ಸಾಕು. ಬಂದ ಮೇಲೆ ಎ ಒತ್ತುತ್ತಾ ಹೋದರೆ ಸಾಲಾಗಿ ಬರುತ್ತವೆ, ಪ್ರತಿ ಉಂಡೆಗೂ ಎಂಪಿ ಇಳಿಯುತ್ತದೆ.

ಅದೂ ಅಲ್ಲದಿದ್ದರೆ ಕೀಬೋರ್ಡೇ ಕೀ ನುಂಗುತ್ತಿದೆ. ಕೆಳಗೆ ನಾಲ್ವರು ಒಂದೇ ಕೀಬೋರ್ಡಿನಲ್ಲಿ ಆಡುವ ಪ್ರಶ್ನೆ ನೋಡಿ.

ಮೊದಲು ಯಾರನ್ನು ಆರಿಸಿಕೊಳ್ಳಲಿ?

ಡೇವಿಸ್. ದೂರಕ್ಕೆ ಉಂಡೆ, ಹತ್ತಿರಕ್ಕೆ ಗುದ್ದುಗಳ ಸಾಲು (ಡಿ, ಕೆಳಗೆ, ಎ), ಮೇಲಕ್ಕೆ ಡ್ರ್ಯಾಗನ್ ಪಂಚ್. ಮೂರೂ ದೂರಕ್ಕೆ ಒಂದೊಂದು ಹತಾರ ಇದ್ದರೆ ಆಟದ ಅಳತೆ ಕಣ್ಣಿಗೆ ಕೂರುತ್ತದೆ. ವುಡಿ ಕಲಿಯಲು ಸ್ವಲ್ಪ ಕಷ್ಟ, ಕಲಿತರೆ ಹಿಡಿಯುವವರಿಲ್ಲ: ಡಿ, ಮೇಲೆ, ಜೆ ಒತ್ತಿದರೆ ಎದುರಾಳಿಯ ಬಳಿಗೇ ಮಾಯವಾಗಿ ಹೋಗಿ ನಿಲ್ಲುತ್ತಾನೆ.

ತಂಡದಲ್ಲಿ ಆಡುವುದಾದರೆ ಒಬ್ಬ ಜಾನ್ ಇರಲಿ. ಡಿ, ಕೆಳಗೆ, ಜೆ ಒತ್ತಿದರೆ ತನಗೆ ಚಿಕಿತ್ಸೆ. ಡಿ, ಮೇಲೆ, ಜೆ ಒತ್ತಿದರೆ ಜೊತೆಗಾರನಿಗೆ. ಇವನನ್ನು ಯಾರೂ ಇಷ್ಟಪಟ್ಟು ಆರಿಸಿಕೊಳ್ಳುವುದಿಲ್ಲ, ಕೊನೆಗೆ ಗೆಲ್ಲಿಸುವವನು ಮಾತ್ರ ಬಹಳ ಸಲ ಇವನೇ.

ಹೆನ್ರಿ ಬಿಲ್ಲುಗಾರ, ದೂರವೇ ಅವನ ಊರು; ಮೈಮೇಲೆ ಬಂದವನನ್ನು ಡ್ರ್ಯಾಗನ್ ಪಾಮ್‌ನಿಂದ (ಡಿ, ಮುಂದೆ, ಎ) ದೂರ ತಳ್ಳಿ ಮತ್ತೆ ಬಾಣಕ್ಕೆ ಮರಳಬೇಕು. ರುಡಾಲ್ಫ್ ತರಲೆ ಮಾಡುವವರಿಗೆ: ಡಿ, ಕೆಳಗೆ, ಜೆಗೆ ತನ್ನದೇ ನಕಲು ನಿಲ್ಲಿಸುತ್ತಾನೆ, ಡಿ, ಮೇಲೆ, ಜೆಗೆ ಕಾಣದಂತೆ ಮಾಯವಾಗುತ್ತಾನೆ, ಎದುರಾಳಿಯನ್ನು ಹಿಡಿದುಕೊಂಡಿರುವಾಗ ಡಿ, ಜೆ, ಎ ಒತ್ತಿದರೆ ಅವನ ವೇಷವನ್ನೇ ತೊಟ್ಟುಬಿಡುತ್ತಾನೆ.

ಹೆಲ್ತ್ ಪಟ್ಟಿಯಲ್ಲಿ ಕಡುಗೆಂಪು ಭಾಗ ಏನು?

ಹೆಲ್ತ್ ಒಟ್ಟು 500. ಪೆಟ್ಟು ಬಿದ್ದಾಗ ಕಳೆದದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ಶಾಶ್ವತವಾಗಿ ಹೋಯಿತು; ಉಳಿದದ್ದು ನಿಧಾನಕ್ಕೆ ವಾಪಸ್ ಬರುತ್ತದೆ. ಹೀಗೆ ವಾಪಸ್ ಬರಬಲ್ಲದ್ದೇ ಆ ಕಡುಗೆಂಪು ಭಾಗ. ಅರ್ಥ ಇಷ್ಟು: 90 ಹೆಲ್ತ್ ಹೋಗುವ ಪೆಟ್ಟು ತಿಂದರೆ 60ರಷ್ಟನ್ನು ತಪ್ಪಿಸಿಕೊಂಡು ಓಡಾಡಿ ಮರಳಿ ಪಡೆಯಬಹುದು. ಓಡುವುದು ಹೇಡಿತನವಲ್ಲ, ಇಲ್ಲಿ ಅದೊಂದು ಲೆಕ್ಕ. ಬೀಳುವ ವಸ್ತುಗಳಲ್ಲಿ ಹಾಲಿನ ಬಾಟಲಿ ಹೆಲ್ತ್‌ಗೆ, ಬಿಯರ್ ಎಂಪಿಗೆ. ಕುಡಿಯುವಾಗ ಪೆಟ್ಟು ತಿಂದರೆ ಬಾಟಲಿ ಕೈಜಾರುತ್ತದೆ. ಮೂಲೆಗೆ ಹೋಗಿ ಕುಡಿಯಿರಿ.

ಮೂರು ಗುದ್ದು ತಿಂದವನು ತಲೆ ತಿರುಗಿ ತೂರಾಡುತ್ತಾನಲ್ಲ, ಆಗ ಏನು ಮಾಡಬೇಕು?

ಆಟದ ಹೃದಯ ಇರುವುದೇ ಇಲ್ಲಿ, ಸ್ವಲ್ಪ ಬಿಡಿಸಿ ಹೇಳುತ್ತೇವೆ. ಪ್ರತಿ ಪೆಟ್ಟೂ ಹೆಲ್ತ್ ತೆಗೆಯುವುದರ ಜೊತೆಗೆ ಒಳಗೊಳಗೆ 'ಬೀಳುವ ಅಂಕ' ಸೇರಿಸುತ್ತದೆ. ಮಾಮೂಲಿ ಗುದ್ದಿಗೆ 20. 20, 40ಕ್ಕೆ ಮೈ ಅಲುಗುತ್ತದೆ. 60ಕ್ಕೆ ತೂರಾಡುವ ಸ್ಥಿತಿ. 60 ದಾಟಿದರೆ ನೆಲಕ್ಕೆ. ಹೊಡೆಯದೆ ಬಿಟ್ಟರೆ ಅಂಕ ತಾನಾಗಿ ಇಳಿಯುತ್ತದೆ.

ತೂರಾಡುವವನ ಎದುರು ನಿಮಗೆ ಎರಡು ದಾರಿ. ಎ ಒತ್ತಿದರೆ ಜೋರಾದ ಗುದ್ದು, ಅವನು ಹಾರಿ ಬೀಳುತ್ತಾನೆ. ಒತ್ತದೆ ಅವನ ಮೈಗೆ ತಾಗುವಂತೆ ನಡೆದರೆ ತಾನಾಗಿ ಹಿಡಿಯುತ್ತೀರಿ; ಆಮೇಲೆ ಎ ಒತ್ತಿ ಗುದ್ದಬಹುದು, ದಿಕ್ಕಿನ ಜೊತೆ ಎ ಒತ್ತಿ ಎಸೆಯಬಹುದು. ಎದುರಿಗೆ ಒಬ್ಬನೇ ಇದ್ದರೆ ಹಿಡಿಯಿರಿ. ನಾಲ್ವರಿದ್ದರೆ ಹಿಡಿದು ನಿಲ್ಲುವುದು ಆತ್ಮಹತ್ಯೆ, ಎಸೆದುಬಿಡಿ.

ನೀವೇ ಹಾರಿ ಬೀಳುತ್ತಿದ್ದರೆ ಗಾಳಿಯಲ್ಲಿರುವಾಗಲೇ ಜೆ ಒತ್ತಿ. ಪಲ್ಟಿ ಹೊಡೆದು ಕಾಲಮೇಲೆ ನಿಲ್ಲುತ್ತೀರಿ. ಹೊಸಬರನ್ನೂ ಪಳಗಿದವರನ್ನೂ ಬೇರೆ ಮಾಡುವ ಒಂದೇ ಒಂದು ಕೀ ಹೇಳಿ ಎಂದರೆ ಇದನ್ನೇ ಹೇಳುತ್ತೇವೆ. ಓಡುವಾಗ ಡಿ ಒತ್ತಿದರೆ ಉರುಳುತ್ತೀರಿ, ಅದೂ ತಪ್ಪಿಸಿಕೊಳ್ಳಲು ಬರುತ್ತದೆ. ನಿಂತು ಡಿ ಹಿಡಿದು ತಡೆಯುವುದು ಎದುರಿನ ಪೆಟ್ಟಿಗೆ ಮಾತ್ರ, ಬೆನ್ನಿಗೆ ತಡೆಯಿಲ್ಲ.

ಗುಪ್ತ ಪಾತ್ರಗಳನ್ನು ತೆರೆಯುವುದು ಹೇಗೆ?

ಪಾತ್ರ ಆರಿಸುವ ಪರದೆಯಲ್ಲಿ ಕೀಬೋರ್ಡಿನಿಂದ ಎಲ್, ಎಫ್, 2, ಚುಕ್ಕಿ, ಎನ್, ಇ, ಟಿ ಎಂದು ಟೈಪ್ ಮಾಡಿ. ಸದ್ದು ಕೇಳಿದರೆ ಕೆಲಸ ಆಯಿತು. ಮೊದಲ ಹತ್ತು ಜನರ ಜೊತೆಗೆ ಬ್ಯಾಂಡಿಟ್, ಹಂಟರ್, ಮಾರ್ಕ್, ಜ್ಯಾಕ್, ಸಾರ್ಸರರ್, ಮಾಂಕ್, ಜ್ಯಾನ್, ನೈಟ್, ಬ್ಯಾಟ್, ಜಸ್ಟಿನ್, ಹಾಗೂ ದೊಡ್ಡವರಾದ ಲೂಯಿಸ್ ಇಎಕ್ಸ್, ಫಿರ್ಜೆನ್, ಜೂಲಿಯನ್ ಸೇರುತ್ತಾರೆ. ಕೆಲಸ ಆಗದಿದ್ದರೆ ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಿದೆಯಾ ನೋಡಿ, ಇದ್ದರೆ ಮುಚ್ಚಿ, ಇನ್‌ಪುಟ್ ಭಾಷೆ ಇಂಗ್ಲಿಷ್‌ಗೆ ತನ್ನಿ.

ಗುಪ್ತ ಕೀ ಇಲ್ಲದೆಯೂ ಇಬ್ಬರು ಆಟದ ನಡುವೆ ಹುಟ್ಟುತ್ತಾರೆ. ಲೂಯಿಸ್‌ನ ಹೆಲ್ತ್ ಮೂರನೇ ಒಂದಕ್ಕಿಂತ ಕೆಳಗಿಳಿದಾಗ ಡಿ, ಜೆ, ಎ ಒತ್ತಿದರೆ ಲೂಯಿಸ್ ಇಎಕ್ಸ್. ಒಂದೇ ತಂಡದ ಫೈರೆನ್ ಮತ್ತು ಫ್ರೀಜ್ ಇಬ್ಬರ ಹೆಲ್ತೂ ಹೀಗೆ ತಳ ಹಿಡಿದಾಗ ಒಬ್ಬರತ್ತ ಒಬ್ಬರು ಓಡಿ ಡಿಕ್ಕಿ ಹೊಡೆದರೆ ಇಬ್ಬರೂ ಕೂಡಿ ಫಿರ್ಜೆನ್. ಬೆಂಕಿ, ಮಂಜು ಎರಡೂ ಒಂದೇ ಮೈಯಲ್ಲಿ.

ಎಫ್ ಸಾಲಿನ ಕೀಗಳು ಏನೇನು ಮಾಡುತ್ತವೆ?

ಎಫ್1 ನಿಲ್ಲಿಸಲು, ಎಫ್2 ಒಂದೊಂದೇ ಚಿತ್ರವಾಗಿ ಮುಂದೆ ಸರಿಸಲು (ಹೊಡೆತಗಳ ಅಳತೆ ಕಲಿಯಲು ಇದಕ್ಕಿಂತ ಒಳ್ಳೆಯ ಗುರು ಇಲ್ಲ), ಎಫ್4 ಹೊರಗೆ ಬರಲು, ಎಫ್5 ವೇಗ ಹೆಚ್ಚಿಸಲು. ಎಫ್6 ಒತ್ತಿದರೆ ಎಂಪಿ ಮುಗಿಯುವುದೇ ಇಲ್ಲ, ಎಫ್7 ಹೆಲ್ತ್ ತುಂಬಿಸುತ್ತದೆ, ಎಫ್8 ಆಯುಧಗಳ ಮಳೆ, ಸ್ಟೇಜ್ ಮೋಡ್‌ನಲ್ಲಿ ಎಫ್9 ಎದುರಾಳಿಗಳನ್ನು ಒಂದೇ ಏಟಿಗೆ ಮುಗಿಸುತ್ತದೆ. ಸ್ನೇಹಿತರ ಜೊತೆ ಪಂದ್ಯ ಕಟ್ಟಿದ್ದರೆ ಮೊದಲು ಎಫ್3 ಒತ್ತಿ. ಅದು ಈ ಕಳ್ಳ ಕೀಗಳಿಗೆಲ್ಲ ಬೀಗ.

ನಾಲ್ವರು ಒಂದೇ ಕೀಬೋರ್ಡಿನಲ್ಲಿ ಆಡಿದರೆ ಕೀಗಳು ಕೆಲಸ ಮಾಡುವುದಿಲ್ಲ. ಆಟದ ದೋಷವಾ?

ಅಲ್ಲ, ಕೀಬೋರ್ಡಿನದು. ಅಗ್ಗದ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. ಅಡ್ಡ ಸಾಲು, ಉದ್ದ ಸಾಲುಗಳ ಒಂದು ಬಲೆ ಇರುತ್ತದೆ. ಕೀ ಒತ್ತಿದರೆ ಒಂದು ಅಡ್ಡ ತಂತಿ ಒಂದು ಉದ್ದ ತಂತಿಗೆ ತಾಗುತ್ತದೆ. ಬಲೆಯಲ್ಲಿ ಒಂದು ಚೌಕದ ಮೂರು ಮೂಲೆಯ ಕೀಗಳು ಒಟ್ಟಿಗೆ ಒತ್ತಿದ್ದರೆ ನಾಲ್ಕನೆಯದೂ ಒತ್ತಿದ ಹಾಗೆ ಕಾಣುತ್ತದೆ. ಈ ಗೊಂದಲ ತಪ್ಪಿಸಲು ಕೀಬೋರ್ಡಿನ ಚಿಪ್ ಮೂರನೆಯ ಕೀಯನ್ನೇ ಕೈಬಿಡುತ್ತದೆ. ನಾಲ್ವರು ಆಡುವಾಗ ಏಳೆಂಟು ಕೀ ಒಟ್ಟಿಗೆ ಒತ್ತಿರುವುದು ಮಾಮೂಲಿ. ಓಡುತ್ತಿರುವವನು ನಿಲ್ಲುತ್ತಾನೆ, ತಡೆಯುತ್ತಿರುವವನು ಪೆಟ್ಟು ತಿನ್ನುತ್ತಾನೆ, ಪಕ್ಕದವನ ಮೇಲೆ ಗುಮಾನಿ ಶುರುವಾಗುತ್ತದೆ.

ಮಾಡಬೇಕಾದ್ದು ಹೀಗೆ. ಮೊದಲು ನೋಟ್‌ಪ್ಯಾಡ್ ತೆರೆದು ಪರೀಕ್ಷಿಸಿ: ಒಬ್ಬ ತನ್ನ ಒಂದು ದಿಕ್ಕು ಮತ್ತು ಎ ಎರಡನ್ನೂ ಒತ್ತಿ ಹಿಡಿಯಲಿ, ಇನ್ನೊಬ್ಬ ತನ್ನ ಏಳೂ ಕೀಗಳನ್ನು ಒಂದೊಂದಾಗಿ ತಟ್ಟಲಿ. ಅಕ್ಷರ ಮೂಡದ ಕೀಯನ್ನು ಗುರುತು ಹಾಕಿಕೊಂಡು ಕಂಟ್ರೋಲ್ ಸೆಟ್ಟಿಂಗ್ಸ್‌ನಲ್ಲಿ ಬೇರೆಡೆಗೆ ಸರಿಸಿ. ಕಂಟ್ರೋಲ್, ಶಿಫ್ಟ್, ಆಲ್ಟ್ ಕೀಗಳಿಗೆ ಸಾಮಾನ್ಯವಾಗಿ ಬೇರೆ ತಂತಿ ಇರುತ್ತದೆ, ಹಾಗಾಗಿ ಹೆಚ್ಚು ಹೊತ್ತು ಹಿಡಿದಿರುವ ಡಿಯನ್ನು ಅಲ್ಲಿಗೆ ಕೊಟ್ಟರೆ ಅರ್ಧ ತೊಂದರೆ ಹೋಯಿತು. ಆದರೆ ಶಿಫ್ಟ್ ಐದು ಸಲ ತಟ್ಟಿದರೆ ವಿಂಡೋಸ್ 'ಸ್ಟಿಕಿ ಕೀಸ್' ಕಿಟಕಿ ಎದ್ದು ಪಂದ್ಯ ಹಾಳಾಗುತ್ತದೆ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್ ಎಂಬಲ್ಲಿಗೆ ಹೋಗಿ ಅದರ ಶಾರ್ಟ್‌ಕಟ್ ಆಫ್ ಮಾಡಿಡಿ.

ಇದಕ್ಕಿಂತ ಸುಲಭದ ದಾರಿ ಇನ್ನೊಂದು ಯುಎಸ್‌ಬಿ ಕೀಬೋರ್ಡ್. ಎರಡಕ್ಕೂ ಚಿಪ್ ಬೇರೆ ಬೇರೆ, ಒಬ್ಬರ ಕೀ ಇನ್ನೊಬ್ಬರದನ್ನು ನುಂಗುವುದಿಲ್ಲ. ಒಂದು ಎಚ್ಚರ: ಆಟಕ್ಕೆ ಎರಡೂ ಕೀಬೋರ್ಡಿನ 'ಎಸ್' ಒಂದೇ. ಆದ್ದರಿಂದ ಕೀಗಳ ಹಂಚಿಕೆ ಮಾತ್ರ ನಾಲ್ವರಿಗೂ ಬೇರೆಯೇ ಇರಬೇಕು. ಗೇಮ್‌ಪ್ಯಾಡ್ ಇದ್ದರೆ ಜಾಯ್‌ಟುಕೀಯಂಥ ಸಾಧನದಿಂದ ಅದರ ಗುಂಡಿಗಳನ್ನು ಬಳಸದ ಕೀಗಳಿಗೆ ಜೋಡಿಸಿ. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ನಾಲ್ವರ ಆಸೆ ಬಿಟ್ಟುಬಿಡಿ, ಮೊಣಕೈಗೂ ಜಾಗ ಸಾಲುವುದಿಲ್ಲ.

ವಿಂಡೋಸ್ 10, 11ರಲ್ಲಿ ಆಟ ಆಮೆಯ ಹಾಗೆ ತೆವಳುತ್ತದೆ. ಕಂಪ್ಯೂಟರ್ ಹೊಸದೇ!

ಹೊಸದಾದ್ದೇ ತೊಂದರೆ. ಆಟ ಚಿತ್ರ ಬಿಡಿಸುವುದು ಡೈರೆಕ್ಟ್‌ಡ್ರಾ ಎಂಬ ಹಳೆಯ ವಿಧಾನದಲ್ಲಿ. ವಿಂಡೋಸ್ 8ರಿಂದ ಈಚೆಗೆ ಅದು ನೇರವಾಗಿ ಗ್ರಾಫಿಕ್ಸ್ ಕಾರ್ಡಿಗೆ ಹೋಗದೆ ಅನುಕರಣೆಯ ಮೂಲಕ ಹೋಗುತ್ತದೆ, ಅಲ್ಲೇ ಹೊತ್ತು ಕಳೆಯುತ್ತದೆ. ಆಟ ನಡೆಯಬೇಕಾದ್ದು ಸೆಕೆಂಡಿಗೆ 30 ಚಿತ್ರ; ಅಷ್ಟೂ ಬಿಡಿಸಲಾಗದಿದ್ದರೆ ಚಿತ್ರ ಬಿಟ್ಟು ಮುಂದೆ ಹೋಗುವುದಿಲ್ಲ, ಇಡೀ ಆಟವೇ ನಿಧಾನವಾಗುತ್ತದೆ.

ಈ ಕ್ರಮದಲ್ಲಿ ಪ್ರಯತ್ನಿಸಿ. ಆಟದ ಇಎಕ್ಸ್‌ಇ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ. ಅಲ್ಲಿ 'ರಿಡ್ಯೂಸ್ಡ್ ಕಲರ್ ಮೋಡ್' ಗುರುತು ಮಾಡಿ 16 ಬಿಟ್ ಆರಿಸಿ. ಅದೇ ಪುಟದ ಹೈ ಡಿಪಿಐ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲಿಂಗ್ ಅನ್ನು ಆಟಕ್ಕೇ ಬಿಡಿ, ಚಿತ್ರ ಮಸುಕಾಗುವುದು ನಿಲ್ಲುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಸಿಎನ್‌ಸಿ-ಡಿಡ್ರಾ ಅಥವಾ ಡಿಜಿವೂಡೂ 2ರಂಥ ಹೊದಿಕೆ ಕಡತವನ್ನು ಆಟದ ಫೋಲ್ಡರಿನಲ್ಲೇ ಇಡಿ. ಹಳೆಯ ಡೈರೆಕ್ಟ್‌ಡ್ರಾ ಕರೆಗಳನ್ನು ಅದು ಹೊಸ ಕಾರ್ಡಿಗೆ ಅರ್ಥವಾಗುವಂತೆ ಬದಲಿಸಿಕೊಡುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ ಆಡಿ.

ಯಾರೋ ಎಫ್5 ಒತ್ತಿ ಮರೆತು 'ಆಟ ವಿಪರೀತ ಓಡುತ್ತಿದೆ' ಎನ್ನುವುದೂ ಉಂಟು. ಅದಕ್ಕೆ ಮದ್ದು ಮತ್ತೊಮ್ಮೆ ಎಫ್5.

ಸಂಗೀತ ಬರುವುದಿಲ್ಲ.

ಹಿನ್ನೆಲೆ ಸಂಗೀತ ಡಬ್ಲ್ಯುಎಂಎ ಕಡತಗಳಲ್ಲಿದೆ. ಹೆಸರಿನ ಕೊನೆಗೆ 'ಎನ್' ಇರುವ ವಿಂಡೋಸ್ ಆವೃತ್ತಿಗಳಲ್ಲಿ ಅದನ್ನು ನುಡಿಸುವ ಭಾಗವೇ ಇರುವುದಿಲ್ಲ. ಆಪ್ಷನಲ್ ಫೀಚರ್ಸ್‌ನಿಂದ 'ಮೀಡಿಯಾ ಫೀಚರ್ ಪ್ಯಾಕ್' ಸೇರಿಸಿ.

ಪ್ರತಿ ಸಲ ಕೀ ಹಂಚಿಕೆ ಮರೆತುಹೋಗುತ್ತದೆ.

ಆಟವನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಿದ್ದೀರಿ. ಅಲ್ಲಿ ಬರೆಯಲು ವಿಂಡೋಸ್ ಬಿಡುವುದಿಲ್ಲ. ಬರೆದದ್ದನ್ನು ಬಳಕೆದಾರರ ಫೋಲ್ಡರಿನ ಒಳಗಿನ 'ವರ್ಚುವಲ್‌ಸ್ಟೋರ್' ಎಂಬ ಗುಪ್ತ ಜಾಗಕ್ಕೆ ತಿರುಗಿಸುತ್ತದೆ. ಒಂದು ಸಲ ಅಡ್ಮಿನಿಸ್ಟ್ರೇಟರ್ ಆಗಿ, ಇನ್ನೊಂದು ಸಲ ಮಾಮೂಲಿಯಾಗಿ ತೆರೆದರೆ ಎರಡು ಕಡೆ ಎರಡು ಪ್ರತಿ. ಇಡೀ ಫೋಲ್ಡರನ್ನು ಡಿ ಡ್ರೈವ್‌ಗೋ ಡೆಸ್ಕ್‌ಟಾಪಿಗೋ ಎತ್ತಿಡಿ, ಮುಗಿಯಿತು. ಹೀಗೆ ಎತ್ತಿಟ್ಟ ಫೋಲ್ಡರ್ ಪೆನ್‌ಡ್ರೈವ್‌ನಿಂದಲೂ ಓಡುತ್ತದೆ.

ಬೇರೆ ಊರಿನ ಗೆಳೆಯನ ಜೊತೆ ಇಂಟರ್ನೆಟ್ಟಿನಲ್ಲಿ ಆಡುವುದು ಹೇಗೆ?

ನೆಟ್‌ವರ್ಕ್ ಗೇಮ್‌ನಲ್ಲಿ ಒಬ್ಬ ಸರ್ವರ್ ಆಗಿ ಕಾಯಬೇಕು, ಇನ್ನೊಬ್ಬ ಅವನ ಐಪಿ ವಿಳಾಸ ಕೊಟ್ಟು ಸೇರಬೇಕು. ಬಳಸುವುದು 12345 ಪೋರ್ಟ್. ಒಂದೇ ವೈಫೈಯಲ್ಲಿದ್ದರೆ ವಿಂಡೋಸ್ ಫೈರ್‌ವಾಲ್ ಕೇಳಿದಾಗ 'ಅಲೌ' ಒತ್ತಿದರೆ ಸಾಕು.

ಹೊರಗಿನಿಂದ ಆದರೆ ನಮ್ಮಲ್ಲಿ ತೊಡಕೊಂದಿದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ, ಮನೆಯ ಹಲವು ಫೈಬರ್ ಸಂಪರ್ಕಗಳಲ್ಲೂ, ಒಂದೇ ಹೊರ ಐಪಿಯನ್ನು ನೂರಾರು ಗ್ರಾಹಕರು ಹಂಚಿಕೊಂಡಿರುತ್ತಾರೆ. ನಿಮ್ಮ ರೌಟರಿನಲ್ಲಿ ಪೋರ್ಟ್ ತೆರೆದರೂ ಮೇಲಿನ ಬಾಗಿಲು ಮುಚ್ಚಿರುತ್ತದೆ. ಝೀರೋಟಿಯರ್, ರಾಡ್‌ಮಿನ್ ವಿಪಿಎನ್‌ನಂಥ ಸಾಧನ ಇಬ್ಬರೂ ಹಾಕಿಕೊಂಡು, ಅದು ಕೊಡುವ ಐಪಿಯನ್ನು ಆಟಕ್ಕೆ ಕೊಡಿ.

ಸಂಪರ್ಕ ಸಿಕ್ಕಿತು, ಆಡುತ್ತಾ ಆಡುತ್ತಾ ಇಬ್ಬರ ಪರದೆಯಲ್ಲೂ ಬೇರೆ ಬೇರೆ ನಡೆಯತೊಡಗಿತು ಎಂದರೆ ಇಬ್ಬರ ಕಡತಗಳು ಒಂದೇ ಇಲ್ಲ. ನೆಟ್‌ವರ್ಕ್‌ನಲ್ಲಿ ಹೋಗುವುದು ಒತ್ತಿದ ಕೀಗಳು ಮಾತ್ರ. ಮಿಕ್ಕ ಲೆಕ್ಕವನ್ನು ಎರಡೂ ಕಂಪ್ಯೂಟರ್ ತಾವೇ ಮಾಡಿಕೊಳ್ಳುತ್ತವೆ. ಒಬ್ಬನ ಡೇವಿಸ್‌ನ ಗುದ್ದಿನಲ್ಲಿ ಒಂದು ಅಂಕೆ ಬದಲಾಗಿದ್ದರೂ ಆ ಗುದ್ದು ಬಿದ್ದ ಕ್ಷಣದಿಂದ ಎರಡು ಕಥೆ. ಒಬ್ಬನ ಫೋಲ್ಡರನ್ನೇ ಜಿಪ್ ಮಾಡಿ ಇನ್ನೊಬ್ಬನಿಗೆ ಕಳಿಸಿ. ಸಂಪರ್ಕ ನಿಧಾನವಾದರೆ ಇಬ್ಬರದೂ ನಿಧಾನ, ಏಕೆಂದರೆ ಇನ್ನೊಬ್ಬನ ಕೀ ಬರುವ ತನಕ ಆಟ ಕಾಯುತ್ತದೆ.

ಆಡಿದ್ದನ್ನು ರೆಕಾರ್ಡ್ ಮಾಡಿ ಇಟ್ಟಿದ್ದೆ. ಈಗ ತೆರೆದರೆ ಏನೇನೋ ನಡೆಯುತ್ತದೆ.

ಕಾರಣ ಮೇಲಿನದೇ. ರೆಕಾರ್ಡಿಂಗ್ ಕಡತದಲ್ಲಿ ವಿಡಿಯೊ ಇಲ್ಲ, ಕೀಗಳ ಸಾಲು ಇದೆ. ನಂತರ ಯಾವುದೋ ಪಾತ್ರ ತಿದ್ದಿದ್ದೀರಿ. ತಿದ್ದದ ಪ್ರತಿಯಲ್ಲಿ ತೆರೆಯಿರಿ.

ನನ್ನದೇ ಪಾತ್ರ ಮಾಡಬಹುದಾ? ಪ್ರೋಗ್ರಾಮಿಂಗ್ ಬರಬೇಕಾ?

ಬರಬೇಕಿಲ್ಲ. ತಾಳ್ಮೆ ಬೇಕು, ಮತ್ತು ಮೊದಲು ಇಡೀ ಆಟದ ಫೋಲ್ಡರಿನ ಇನ್ನೊಂದು ಪ್ರತಿ ಬೇಕು.

ಡೇಟಾ ಫೋಲ್ಡರಿನಲ್ಲಿ ಡೇಟಾ.ಟಿಎಕ್ಸ್‌ಟಿ ಎಂಬ ಬಯಲು ಪಠ್ಯ ಕಡತವಿದೆ. ಆಟದಲ್ಲಿರುವ ಪ್ರತಿಯೊಂದಕ್ಕೂ ಅಲ್ಲಿ ಒಂದು ಸಾಲು: ಐಡಿ, ಟೈಪ್, ಕಡತದ ದಾರಿ. ಟೈಪ್ 0 ಎಂದರೆ ಪಾತ್ರ, 1 ಹಗುರ ಆಯುಧ, 2 ಭಾರದ ಆಯುಧ, 3 ಶಕ್ತಿ ಉಂಡೆಯಂಥವು, 6 ಕುಡಿಯುವ ಬಾಟಲಿ. ಡೇವಿಸ್‌ನ ಐಡಿ 11.

ಪ್ರತಿ ಪಾತ್ರದ .ಡ್ಯಾಟ್ ಕಡತಕ್ಕೆ ಮಾತ್ರ ಸಣ್ಣದೊಂದು ಬೀಗ. ಮೊದಲ 123 ಬೈಟ್ ಬರೀ ತುಂಬುವಿಕೆ, ಅದರಾಚೆಯ ಪ್ರತಿ ಅಕ್ಷರಕ್ಕೂ ಒಂದು ಗುಪ್ತ ಸಾಲಿನ ಅಕ್ಷರ ಕೂಡಿಸಿದೆ. 'ಡೇಟಾ ಚೇಂಜರ್' ಎಂದು ಕರೆಸಿಕೊಳ್ಳುವ ಸಾಧನಗಳು ಅದನ್ನು ಬಿಚ್ಚಿ, ತಿದ್ದಿದ ಮೇಲೆ ಮತ್ತೆ ಕಟ್ಟಿಡುತ್ತವೆ. ನೋಟ್‌ಪ್ಯಾಡಿನಲ್ಲಿ ನೇರವಾಗಿ ತೆರೆದು ಸೇವ್ ಮಾಡಿದರೆ ಕಡತ ಹಾಳು.

ಬಿಚ್ಚಿದ ಮೇಲೆ ಕಾಣುವುದು ಫ್ರೇಮ್‌ಗಳ ಸರಮಾಲೆ. ಫ್ರೇಮ್ 0 ನಿಂತಿರುವುದು, 5ರಿಂದ 8 ನಡಿಗೆ, 9ರಿಂದ 11 ಓಟ, 60ರಿಂದ ಗುದ್ದು, 110 ತಡೆ, 210 ನೆಗೆತ. ಪ್ರತಿ ಫ್ರೇಮ್‌ನಲ್ಲಿ 'ಪಿಕ್' ಯಾವ ಚಿತ್ರ, 'ವೇಟ್' ಎಷ್ಟು ಹೊತ್ತು, 'ನೆಕ್ಸ್ಟ್' ಮುಂದೆ ಯಾವ ಫ್ರೇಮ್ ಎಂದು ಹೇಳುತ್ತದೆ. ವೇಟ್ ಲೆಕ್ಕದಲ್ಲಿ ಒಂದು ಸೇರಿಸಿಕೊಳ್ಳಬೇಕು: ವೇಟ್ 2 ಎಂದರೆ ಮೂರು ಮಿಟುಕು, ಸೆಕೆಂಡಿಗೆ 30ರಂತೆ ಹತ್ತನೇ ಒಂದು ಸೆಕೆಂಡು. ನೆಕ್ಸ್ಟ್ 999 ಎಂದರೆ ನಿಂತ ಸ್ಥಿತಿಗೆ ಮರಳು, 1000 ಎಂದರೆ ಆ ವಸ್ತುವೇ ಮಾಯ. ಪೆಟ್ಟು ತಿನ್ನುವ ಜಾಗ 'ಬಿಡಿವೈ', ಪೆಟ್ಟು ಕೊಡುವ ಜಾಗ 'ಐಟಿಆರ್', ಹೊಸ ವಸ್ತು ಹುಟ್ಟಿಸುವುದು 'ಓಪಾಯಿಂಟ್'.

ಮೊದಲ ದಿನ ಹೊಸ ಪಾತ್ರಕ್ಕೆ ಕೈಹಾಕಬೇಡಿ. ಡೇವಿಸ್‌ನ ಗುದ್ದಿನ ಐಟಿಆರ್‌ನಲ್ಲಿ 'ಇಂಜುರಿ' ಅಂಕೆ ಬದಲಿಸಿ, ಆಡಿ ನೋಡಿ. ಎರಡನೆಯ ದಿನ ವೇಟ್ ಬದಲಿಸಿ. ಅಷ್ಟರಲ್ಲಿ ಇಡೀ ಕಡತ ಓದಲು ಬಂದಿರುತ್ತದೆ.

ಚಿತ್ರ ಹಾಕಿದೆ, ಪಾತ್ರದ ಸುತ್ತ ಗೆರೆ ಕಾಣುತ್ತದೆ, ಮೈಯಲ್ಲಿ ತೂತುಗಳಿವೆ.

ಎರಡೂ ಬೇರೆ ಬೇರೆ ತಪ್ಪು. ಚಿತ್ರದ ಹಾಳೆ 800 x 560 ಪಿಕ್ಸೆಲ್ ಬಿಎಂಪಿ, ಅಡ್ಡ 10, ಉದ್ದ 7 ಮನೆ. ಒಂದು ಮನೆಗೆ 80 ಪಿಕ್ಸೆಲ್ ಬಂದರೂ ಕಡತದಲ್ಲಿ ಅಗಲ, ಎತ್ತರ 79 ಎಂದೇ ಬರೆಯಬೇಕು; ಉಳಿದ ಒಂದು ಪಿಕ್ಸೆಲ್ ಮನೆಗಳ ನಡುವಿನ ಗೆರೆ. 80 ಎಂದು ಬರೆದರೆ ಆ ಗೆರೆಯೂ ಮೈಗೆ ಅಂಟಿಕೊಳ್ಳುತ್ತದೆ, ಮುಂದಿನ ಮನೆಗಳು ಜಾರುತ್ತಾ ಹೋಗುತ್ತವೆ. ತೂತಿಗೆ ಕಾರಣ ಅಪ್ಪಟ ಕಪ್ಪು: ಆಟಕ್ಕೆ ಅದು ಪಾರದರ್ಶಕ. ಕೂದಲು, ಅಂಚು, ಬೂಟು ಕಪ್ಪಾಗಿರಬೇಕಾದರೆ ಕೆಂಪು, ಹಸಿರು, ನೀಲಿ ಮೂರಕ್ಕೂ 10ರ ಆಸುಪಾಸು ಕೊಡಿ. ಜೆಪಿಜಿಯಾಗಿ ಉಳಿಸಿ ಮತ್ತೆ ಬಿಎಂಪಿ ಮಾಡಿದರೆ ಅಂಚಿನ ಕಪ್ಪು ಕಲಸಿಹೋಗಿ ಕೊಳೆ ಹತ್ತಿದಂತೆ ಕಾಣುತ್ತದೆ.

ಹೊಸ ಪಾತ್ರ ಸೇರಿಸಿದೆ. ನಾನು ಆಡಿದರೆ ಸರಿ, ಕಂಪ್ಯೂಟರ್ ಆಡಿಸಿದರೆ ವಿಶೇಷ ಹೊಡೆತ ಸರಿಯಾಗಿ ಬಳಸುವುದಿಲ್ಲ.

ಕಂಪ್ಯೂಟರಿನ ಬುದ್ಧಿ .ಡ್ಯಾಟ್ ಕಡತದಲ್ಲಿಲ್ಲ, ಇಎಕ್ಸ್‌ಇ ಒಳಗೆ ಐಡಿಗೆ ಅಂಟಿಕೊಂಡಿದೆ. ಗೊತ್ತಿಲ್ಲದ ಐಡಿ ಸಿಕ್ಕರೆ ಅದು ಬರೀ ಗುದ್ದಿ ಓಡಾಡುತ್ತದೆ. ಹಳೆಯ ಪಾತ್ರವೊಂದರ ಐಡಿಗೆ ನಿಮ್ಮ ಪಾತ್ರವನ್ನು ಕೂರಿಸಿ, ಅವನ ಹೊಡೆತಗಳು ಎಲ್ಲಿದ್ದವೋ ಅದೇ ಕೀ ಜೋಡಿಗೆ ಹೋಲುವ ಹೊಡೆತ ಇಟ್ಟರೆ ಚೆನ್ನಾಗಿ ಆಡುತ್ತದೆ. ಆದರೆ ಐಡಿ ಆರಿಸುವಾಗ ಹುಷಾರು. 30ರಿಂದ 39, 50ರಿಂದ 59 ಕೊಟ್ಟರೆ ಗುಪ್ತ ಕೀ ಒತ್ತದೆ ಪಾತ್ರ ಕಾಣುವುದೇ ಇಲ್ಲ. 7 ಫೈರೆನ್, 8 ಫ್ರೀಜ್, ಇಬ್ಬರೂ ಕೂಡಿ 51 ಆಗುವ ನಿಯಮ ಈ ಅಂಕೆಗಳಿಗೇ ಕಟ್ಟಿದ್ದು; ಆ ಜಾಗದಲ್ಲಿ ಕೂರಿಸಿದ ನಿಮ್ಮ ನಾಯಕ ಪಂದ್ಯದ ನಡುವೆ ಜೊತೆಗಾರನಿಗೆ ಡಿಕ್ಕಿ ಹೊಡೆದು ಫಿರ್ಜೆನ್ ಆಗಿಬಿಟ್ಟಾನು.

ಆಟ ತೆರೆಯುವಾಗಲೇ ಮುಚ್ಚಿಕೊಳ್ಳುತ್ತದೆ.

ಕೊನೆಗೆ ಏನು ತಿದ್ದಿದಿರೋ ಅಲ್ಲೇ ಇದೆ ತಪ್ಪು. ಡೇಟಾ.ಟಿಎಕ್ಸ್‌ಟಿಯಲ್ಲಿ ಬರೆದ ಹೆಸರಿನ ಕಡತ ಆ ಜಾಗದಲ್ಲಿಲ್ಲ. ಫ್ರೇಮ್ ಮುಗಿಸುವ ಗುರುತು ಬಿಟ್ಟುಹೋಗಿದೆ. ಚಿತ್ರದ ಹಾಳೆಯ ಅಳತೆ ಬರೆದ ಸಾಲು ಕಾಲಂಗೆ ಸಾಲದು. ಆಟದ ನಡುವೆ, ಅದೂ ಒಂದೇ ಹೊಡೆತಕ್ಕೆ ಮುಚ್ಚಿಕೊಂಡರೆ ಆ ಹೊಡೆತದ ಯಾವುದೋ ನೆಕ್ಸ್ಟ್ ಇಲ್ಲದ ಫ್ರೇಮ್‌ಗೆ ಕೈ ತೋರಿಸುತ್ತಿದೆ. ಒಂದು ಗುದ್ದಿಗೇ ಎದುರಾಳಿ ಸತ್ತುಹೋದರೆ ಐಟಿಆರ್‌ನಲ್ಲಿ 'ವಿರೆಸ್ಟ್' (ಒಬ್ಬನಿಗೆ ಬೀಳುವ ಎರಡು ಪೆಟ್ಟುಗಳ ನಡುವಿನ ಬಿಡುವು) ತೀರಾ ಸಣ್ಣದು, ಪ್ರತಿ ಮಿಟುಕಿಗೂ ಪೆಟ್ಟು ಬೀಳುತ್ತಿದೆ.

ಮಕ್ಕಳಿಗೆ ಕೊಡಬಹುದಾ?

ಹೆಲ್ತ್ ಕಡಿಮೆಯಾದಾಗ ಮುಖದ ಬಳಿ ಒಂದೆರಡು ಹನಿ ರಕ್ತದ ಚುಕ್ಕೆ, ನೆಲಕ್ಕೆ ಬೀಳುವ ಬಿಯರ್ ಬಾಟಲಿ. ಆಕ್ಷೇಪಿಸಬಹುದಾದ್ದು ಅಷ್ಟೇ. ಬಿಯರ್ ಬೇಡವೆಂದರೆ ಅದರ ಬಿಎಂಪಿ ತೆರೆದು ಬಣ್ಣ ಬದಲಿಸಿ ಎಳನೀರು ಮಾಡಿಕೊಳ್ಳಿ, ಹತ್ತು ನಿಮಿಷದ ಕೆಲಸ.

ಲಿನಕ್ಸ್‌ನಲ್ಲಿ ಓಡುತ್ತದಾ?

ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಎಂಬ ತಂತ್ರಾಂಶ ಹಾಕಿಕೊಂಡರೆ ಓಡುತ್ತದೆ. ಎಷ್ಟೋ ಸಲ ಹೊಸ ವಿಂಡೋಸ್‌ಗಿಂತ ಸರಾಗವಾಗಿ. ಫೋಲ್ಡರ್ ಎತ್ತಿಟ್ಟು, ಅದರೊಳಗೇ ನಿಂತು ಇಎಕ್ಸ್‌ಇಯನ್ನು ವೈನ್‌ನಿಂದ ಕರೆಯಿರಿ. ಬೇರೆ ಫೋಲ್ಡರಿನಿಂದ ಕರೆದರೆ ಡೇಟಾ ಕಡತಗಳು ಸಿಗದೆ ಬಿಳಿ ಪರದೆಯಲ್ಲಿ ನಿಲ್ಲುವುದುಂಟು.